ಉಲ್ಲೇಖವೆಂಬ ವಿಳಾಸ

ಸಂಶೋಧನಾ ಪತ್ರಿಕೆಗಳಿಗೆ ಲೇಖನ ಕಳಿಸುವವರಿಗಾಗಿ ಪ್ರಕಾಶಕರು ಸೂಚನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿರುತ್ತಾರೆ. ಲೇಖನ ಎಷ್ಟು ಪುಟ ಇರಬೇಕು, ಚಿತ್ರಗಳು ಎಲ್ಲಿ ಬರಬೇಕು ಎಂಬುದರ ಜೊತೆಗೆ, ಕೊನೆಯಲ್ಲಿ ಕೊಡುವ ಆಕರಗಳ ಪಟ್ಟಿ ಯಾವ ರೂಪದಲ್ಲಿರಬೇಕು ಎಂಬುದಕ್ಕೂ ಅಲ್ಲಿ ಒಂದು ಮಾದರಿ ಇರುತ್ತದೆ. ಹಾಲೆಂಡಿನ ದೊಡ್ಡ ಪ್ರಕಾಶನ ಸಂಸ್ಥೆಯಾದ ಎಲ್ಸೆವಿಯರ್‌ನ ಸೂಚನೆಗಳಲ್ಲಿ ಬಹುಕಾಲದಿಂದ ಇದ್ದ ಮಾದರಿಯೊಂದರ ಪ್ರಕಾರ, ವಾನ್ ಡೆರ್ ಗೀರ್, ಹಾನ್‌ರಾಡ್ಸ್ ಮತ್ತು ಲಪ್ಟನ್ ಎಂಬ ಮೂವರು 2000ನೇ ಇಸವಿಯಲ್ಲಿ ವೈಜ್ಞಾನಿಕ ಲೇಖನ ಬರೆಯುವ ಕಲೆಯನ್ನು ಕುರಿತು ಒಂದು ಪ್ರಬಂಧ ಬರೆದಿದ್ದರು. ಅದು ಒಂದು ಪತ್ರಿಕೆಯ 163ನೆಯ ಸಂಪುಟದಲ್ಲಿ, 51ರಿಂದ 59ನೆಯ ಪುಟಗಳಲ್ಲಿತ್ತು. ಲೈಡನ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಅವರಿಗೆ ಎಷ್ಟು ಹುಡುಕಿದರೂ ಆ ಪ್ರಬಂಧ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅಂಥ ಪ್ರಬಂಧವನ್ನು ಯಾರೂ ಬರೆದಿರಲಿಲ್ಲ. ಆ ಹೆಸರಿನ ಪತ್ರಿಕೆಯೂ ಇರಲಿಲ್ಲ. ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂದು ತೋರಿಸುವುದಕ್ಕಾಗಿ ಪ್ರಕಾಶಕರು ಕಲ್ಪಿಸಿಕೊಂಡ ನಮೂನೆ ಅದು.

2017ರಲ್ಲಿ ಆನ್-ವಿಲ್ ಹಾರ್ಜಿಂಗ್ ಎಂಬ ವಿದುಷಿ ಈ ವಿಚಾರವನ್ನು ಬೆಳಕಿಗೆ ತಂದಾಗ, ಆ ವೇಳೆಗಾಗಲೇ ಸುಮಾರು 400 ಲೇಖನಗಳು ಈ ಇಲ್ಲದ ಪ್ರಬಂಧವನ್ನು ತಮ್ಮ ಆಕರಗಳಲ್ಲಿ ಒಂದೆಂದು ಹೆಸರಿಸಿದ್ದವು. ಬಹುಪಾಲು ಲೇಖಕರು ನಮೂನೆಯ ಕಡತದ ಮೇಲೆಯೇ ತಮ್ಮ ಲೇಖನವನ್ನು ಬೆರಳಚ್ಚು ಮಾಡಿ, ಮಾದರಿ ಸಾಲನ್ನು ಅಳಿಸುವುದನ್ನು ಮರೆತಿದ್ದರು. ಮುಂದೆ ಪ್ರಕಾಶಕರ ಮಾದರಿಯಲ್ಲಿ 2000 ಹೋಗಿ 2010 ಬಂತು. ಹುಟ್ಟದೇ ಇದ್ದ ಪ್ರಬಂಧಕ್ಕೆ ಎರಡು ಜನ್ಮವರ್ಷಗಳಾದವು.

ನಗು ತರಿಸುವ ಪ್ರಸಂಗವೇನೋ ನಿಜ. ಆದರೆ ಬರೆದವರು, ಓದಿ ಒಪ್ಪಿದ ಪರಿಶೀಲಕರು, ಕರಡು ತಿದ್ದಿದವರು, ಇವರಲ್ಲಿ ಒಬ್ಬರೂ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಲಿಲ್ಲ ಎಂಬುದು ನಗುವಿನ ವಿಷಯವಲ್ಲ. ಆಕರಗಳ ಪಟ್ಟಿ ಎಂದರೆ ವಿಳಾಸಗಳ ಪಟ್ಟಿ. ಈ ಮಾತನ್ನು ನಾನು ಇಂಥ ಕಡೆಯಿಂದ ತಂದಿದ್ದೇನೆ, ಸಂದೇಹವಿದ್ದರೆ ಹೋಗಿ ನೋಡಿ ಎಂದು ಲೇಖಕ ಓದುಗನಿಗೆ ಕೊಡುವ ವಾಗ್ದಾನ ಅದು. ಕನ್ನಡದಲ್ಲಿ ಇಂಥ ಪಟ್ಟಿಗೆ ಹಳೆಯ ಲೇಖಕರು ಇಟ್ಟಿರುವ ಹೆಸರು ಇನ್ನೂ ಚೆನ್ನಾಗಿದೆ: ಗ್ರಂಥಋಣ. ಸಾಲ ತಂದವನು ಯಾರಿಂದ ತಂದೆ ಎಂದು ಹೇಳಬೇಕು. ಅದನ್ನು ಸಾಲ ಕೊಟ್ಟವನ ಮನೆ ಗುರುತು ಸಿಗುವ ಹಾಗೆ ಹೇಳಬೇಕು. ಪತ್ರಿಕೆಗಳ ಸಂಪಾದಕರು ಹಠ ಹಿಡಿಯುವ ಚುಕ್ಕೆ, ಆವರಣ, ಓರೆ ಅಕ್ಷರಗಳ ನಿಯಮಗಳೆಲ್ಲ ಈ ಎರಡನೆಯ ಭಾಗಕ್ಕೆ ಸೇರಿದವು.

ಮನೆ ಗುರುತು ಹೇಳುವ ಕಷ್ಟ ಮುದ್ರಣಕ್ಕಿಂತ ಬಹಳ ಹಳೆಯದು. ಓಲೆಗರಿಯ ಕಾಲದಲ್ಲಿ ಒಂದೇ ಕಾವ್ಯದ ಎರಡು ಕಟ್ಟುಗಳು ಒಂದೇ ಸಮನಾಗಿ ಇರುತ್ತಿರಲಿಲ್ಲ. ಒಬ್ಬ ಲಿಪಿಕಾರನ ಅಕ್ಷರ ದಪ್ಪ, ಇನ್ನೊಬ್ಬನದು ಸಣ್ಣ. ಒಬ್ಬನ ಗರಿ ಉದ್ದ, ಇನ್ನೊಬ್ಬನದು ಗಿಡ್ಡ. ಈ ಕಟ್ಟಿನ 40ನೆಯ ಗರಿಯಲ್ಲಿದ್ದ ಪದ್ಯ ಆ ಕಟ್ಟಿನ 57ರಲ್ಲಿರಬಹುದು. ಆದ್ದರಿಂದ ಗರಿಯ ಸಂಖ್ಯೆ ವಿಳಾಸವಾಗಲಾರದು. ನಮ್ಮ ಹಿಂದಿನವರು ಇದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದರು. ಒಂದು, ಪದ್ಯದ ಮೊದಲ ಒಂದೆರಡು ಪದಗಳನ್ನು ಹೇಳುವುದು. ಇದನ್ನು ಪ್ರತೀಕ ಎನ್ನುತ್ತಾರೆ. ಮಿಕ್ಕದ್ದು ಓದುಗನಿಗೆ ಬಾಯಿಪಾಠವಾಗಿಯೇ ಇರುತ್ತದೆ ಎಂಬ ಭರವಸೆ ಅದರ ಹಿಂದೆ ಇತ್ತು. ಇನ್ನೊಂದು, ಕೃತಿಯ ಒಳಗಿನ ಅಂಗಗಳನ್ನೇ ಎಣಿಸುವುದು. ಪಾಣಿನಿಯ ಸೂತ್ರಕ್ಕೆ ಅಧ್ಯಾಯ, ಪಾದ, ಸೂತ್ರ ಎಂದು ಮೂರು ಅಂಕೆ ಸಾಕು. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ ಮತ್ತು ಪದ್ಯ. ಯಾವ ಮುದ್ರಣ ಕೈಗೆ ಬಂದರೂ ಈ ವಿಳಾಸ ಬಹುಮಟ್ಟಿಗೆ ಸರಿಯಾದ ಕಡೆಗೇ ಕರೆದುಕೊಂಡು ಹೋಗುತ್ತದೆ.

ವಚನಗಳ ಪಾಡು ಬೇರೆ. ವಚನದ ಕೊನೆಯಲ್ಲಿ ಬರುವ ಅಂಕಿತ, ಅದು ಯಾರದೆಂಬುದನ್ನು ವಚನದೊಳಗೇ ಹೇಳಿಬಿಡುತ್ತದೆ. ಕರ್ತೃವಿನ ಹೆಸರನ್ನು ಯಾರೂ ಕಿತ್ತುಹಾಕಲಾಗದಂತೆ ಪಠ್ಯಕ್ಕೇ ಹೊಲಿದಿಡುವ ಇಂಥ ಏರ್ಪಾಡು ಎಷ್ಟು ಅಚ್ಚುಕಟ್ಟಾದದ್ದು! ಆದರೆ ವಚನಕ್ಕೆ ಆಶ್ವಾಸವಿಲ್ಲ, ಸಂಧಿಯಿಲ್ಲ. ಎಲ್ಲಿದೆ ಎಂದು ಹೇಳಲು ದಾರಿಯಿರಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ 15 ಸಮಗ್ರ ವಚನ ಸಂಪುಟಗಳನ್ನು ಹೊರತಂದ ಮೇಲೆ ಸಂಪುಟ ಮತ್ತು ವಚನದ ಸಂಖ್ಯೆಯನ್ನು ಹೇಳುವ ಪದ್ಧತಿ ನೆಲೆಗೊಂಡಿತು.

ಎಲ್ಲಿಂದ ತಂದೆ ಎಂದು ಹೇಳುವುದು ವಿದ್ವಾಂಸನ ಧರ್ಮ ಎಂಬ ತಿಳಿವಳಿಕೆಯೂ ನಮ್ಮಲ್ಲಿ ಹೊಸದಲ್ಲ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಕೋಲಾಚಲ ಮಲ್ಲಿನಾಥ, ಆಧಾರವಿಲ್ಲದ ಯಾವುದನ್ನೂ ತಾನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಎಂದು ಆರಂಭದಲ್ಲೇ ಮಾತು ಕೊಡುತ್ತಾನೆ. ಇಂದಿನ ಸಂಶೋಧಕರು ಇದರ ಮೊದಲರ್ಧವನ್ನು ಬೇಗ ಒಪ್ಪಿಕೊಳ್ಳುತ್ತಾರೆ. ಎರಡನೆಯ ಅರ್ಧವೇ ಕಷ್ಟ.

ಯೂರೋಪಿನಲ್ಲಿ ಅಚ್ಚಿನ ಯಂತ್ರ ಬಂದ ಮೇಲೆ ಪುಟದ ಸಂಖ್ಯೆಗೆ ಹೊಸ ಬೆಲೆ ಬಂತು. ಒಂದು ಆವೃತ್ತಿಯ ಸಾವಿರ ಪ್ರತಿಗಳಲ್ಲೂ 51ನೆಯ ಪುಟದಲ್ಲಿ ಅದೇ ಸಾಲುಗಳಿರುತ್ತವೆ. ಪ್ಯಾರಿಸ್ ಮೂಲದ ಎಸ್ತಿಯೆನ್ ಎಂಬ ಮುದ್ರಕರ ಮನೆತನ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿತು. ತಂದೆ ರಾಬರ್ಟ್ 1551ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯ ವಾಕ್ಯಗಳಿಗೆ ಅಂಕೆ ಕೊಟ್ಟ. ಮಗ ಹೆನ್ರಿ 1578ರಲ್ಲಿ ಪ್ಲೇಟೋನ ಕೃತಿಗಳನ್ನು ಅಚ್ಚು ಹಾಕಿದ. ಆ ಅಚ್ಚಿನ ಪುಟಸಂಖ್ಯೆಗಳನ್ನೇ ಇಂದಿಗೂ ಪ್ಲೇಟೋನ ಬಹುಪಾಲು ಅನುವಾದಗಳ ಅಂಚಿನಲ್ಲಿ ಮುದ್ರಿಸುತ್ತಾರೆ. ಪುಸ್ತಕ ಹಳತಾಯಿತು, ಅದರ ಪುಟಗಳು ಮಾತ್ರ ವಿಳಾಸವಾಗಿ ಉಳಿದವು.

ಅಡಿಟಿಪ್ಪಣಿಯ ದೊಡ್ಡ ಪ್ರತಾಪ ಶುರುವಾದದ್ದು ಇದಾದ ಒಂದು ಶತಮಾನದ ಮೇಲೆ. ಪಿಯೆರ್ ಬೇಲ್ ಎಂಬ ಫ್ರೆಂಚ್ ವಿದ್ವಾಂಸ, ಬೇರೆಯವರ ನಿಘಂಟುಗಳಲ್ಲಿರುವ ತಪ್ಪುಗಳನ್ನೇ ಸಂಗ್ರಹಿಸಿ ಒಂದು ನಿಘಂಟು ಮಾಡಬೇಕೆಂದು ಹೊರಟವನು. 1697ರಲ್ಲಿ ಹೊರಬಂದ ಅವನ ಚಾರಿತ್ರಿಕ ನಿಘಂಟಿನಲ್ಲಿ ಎಷ್ಟೋ ಪುಟಗಳ ಮೇಲ್ಭಾಗದಲ್ಲಿ ಎರಡು ಮೂರು ಸಾಲು ಮಾತ್ರ ಪಠ್ಯ. ಕೆಳಗೆಲ್ಲ ಟಿಪ್ಪಣಿ, ಅಂಚಿನಲ್ಲಿ ಆ ಟಿಪ್ಪಣಿಗೂ ಆಕರ. ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತು ಬರೆದ ಎಡ್ವರ್ಡ್ ಗಿಬ್ಬನ್ 1776ರಲ್ಲಿ ಮೊದಲ ಸಂಪುಟ ಪ್ರಕಟಿಸಿದಾಗ ಟಿಪ್ಪಣಿಗಳನ್ನೆಲ್ಲ ಪುಸ್ತಕದ ಕೊನೆಗೆ ಒಯ್ದು ಹಾಕಿದ್ದ. ಅದನ್ನು ಓದಿದ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಪ್ರಕಾಶಕನಿಗೆ ಪತ್ರ ಬರೆದು, ಪ್ರತಿ ಟಿಪ್ಪಣಿಗೂ ಕೊನೆಗೆ ಓಡುವುದು ದೊಡ್ಡ ಕಿರಿಕಿರಿ, ಅವನ್ನು ಅಂಚಿನಲ್ಲೋ ಪುಟದ ಕೆಳಗೋ ಹಾಕಿ ಎಂದು ಕೇಳಿಕೊಂಡ. ಹ್ಯೂಮ್ ಆಗ ಕಾಯಿಲೆಯಿಂದ ನರಳುತ್ತಿದ್ದ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ಮರುವರ್ಷದ ಮೂರನೆಯ ಮುದ್ರಣದಲ್ಲಿ ಟಿಪ್ಪಣಿಗಳು ಪುಟದ ಕೆಳಕ್ಕೆ ಬಂದವು. ಕೊನೆಯಲ್ಲಿ ಟಿಪ್ಪಣಿ ಹಾಕುವ ಇಂದಿನ ಪ್ರಕಾಶಕರು ಈ ಪತ್ರವನ್ನು ಒಮ್ಮೆ ಓದಬೇಕು.

ವಿಜ್ಞಾನಿಗಳಿಗೆ ಈ ಟಿಪ್ಪಣಿಗಳ ವಿಸ್ತಾರ ಒಗ್ಗಲಿಲ್ಲ. 1881ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್, ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆ ಬೆಳೆಯುವ ಬಗೆಯನ್ನು ಕುರಿತು ಒಂದು ದೀರ್ಘ ಪ್ರಬಂಧ ಬರೆದ. ಅದರ 194ನೆಯ ಪುಟದಲ್ಲಿ ಅವನು ಒಬ್ಬ ಲೇಖಕನ ಹೆಸರು ಹೇಳಿ, ಪಕ್ಕದಲ್ಲೇ ಆವರಣದೊಳಗೆ ಇಸವಿಯನ್ನು ಕೊಟ್ಟ. ಪೂರ್ತಿ ವಿವರ ಕೊನೆಯ ಪಟ್ಟಿಯಲ್ಲಿತ್ತು. ಈ ಹೊಸ ಪದ್ಧತಿಯನ್ನು ಓದುಗರಿಗೆ ವಿವರಿಸಲು ಅವನು ಬಳಸಿದ್ದು ಒಂದು ಅಡಿಟಿಪ್ಪಣಿಯನ್ನು! ವಿಜ್ಞಾನದ ಬರಹದಿಂದ ಅಡಿಟಿಪ್ಪಣಿಯನ್ನು ಹೆಚ್ಚುಕಡಿಮೆ ಓಡಿಸಿದ ಪದ್ಧತಿ ಅಡಿಟಿಪ್ಪಣಿಯ ಬೆನ್ನೇರಿಯೇ ಬಂತು. ಇಂದು ಹಾರ್ವರ್ಡ್ ಪದ್ಧತಿ ಎಂದು ಹೆಸರಾಗಿರುವುದು ಇದೇ. ಇದರಲ್ಲಿ ಒಂದು ಜಾಣತನವಿದೆ. ಇಸವಿ ಕಣ್ಣಿಗೆ ಬಿದ್ದ ಕೂಡಲೇ ಈ ಮಾತು ಹಳತೋ ಹೊಸತೋ ಎಂಬುದು ಓದುವವನಿಗೆ ತಿಳಿಯುತ್ತದೆ. ಬರೆಯುವವನಿಗೂ ಸುಖ, ಮಧ್ಯೆ ಒಂದು ಆಕರ ಸೇರಿಸಿದರೆ ಉಳಿದವಕ್ಕೆ ಏನೂ ಆಗುವುದಿಲ್ಲ.

ವೈದ್ಯಕೀಯ ಪತ್ರಿಕೆಗಳು ಮಾತ್ರ ಬೇರೆ ದಾರಿ ಹಿಡಿದವು. 1978ರ ಜನವರಿಯಲ್ಲಿ ಕೆಲವು ಪ್ರಮುಖ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದರು. ಒಂದೊಂದು ಪತ್ರಿಕೆ ಒಂದೊಂದು ರೂಪ ಕೇಳುತ್ತಿದ್ದುದರಿಂದ, ಒಂದು ಕಡೆ ತಿರಸ್ಕೃತವಾದ ಲೇಖನವನ್ನು ಇನ್ನೊಂದು ಕಡೆಗೆ ಕಳಿಸುವಾಗ ಪಟ್ಟಿಯನ್ನು ಮೊದಲಿಂದ ಬೆರಳಚ್ಚು ಮಾಡಿಸಬೇಕಾಗಿತ್ತು. ಅದನ್ನು ತಪ್ಪಿಸಲು ಅವರು ಒಂದೇ ರೂಪಕ್ಕೆ ಒಪ್ಪಿದರು. ಲೇಖನದಲ್ಲಿ ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2, ಹೀಗೆ ಬರೀ ಅಂಕೆ. ಓದು ಸರಾಗವಾಗಿ ಸಾಗುತ್ತದೆ, ಜಾಗವೂ ಉಳಿಯುತ್ತದೆ. ಗಣಕಯಂತ್ರವಿಲ್ಲದ ಕಾಲದಲ್ಲಿ ಮಾತ್ರ ನಡುವೆ ಒಂದು ಸೇರಿಸಿದರೆ ಮುಂದಿನ ಅಂಕೆಗಳನ್ನೆಲ್ಲ ತಿದ್ದಬೇಕಿತ್ತು. ಇನ್ನು ಷಿಕಾಗೋದ ಕೈಪಿಡಿ, ಮನಶ್ಶಾಸ್ತ್ರಜ್ಞರ ಕೈಪಿಡಿ ಮೊದಲಾದವುಗಳಲ್ಲಿರುವ ಭೇದಗಳನ್ನು ಇಲ್ಲಿ ಎಣಿಸುತ್ತಾ ಕೂರಬೇಕಾಗಿಲ್ಲ. ಹೆಸರು ಮತ್ತು ಇಸವಿ, ಅಂಕೆ, ಅಡಿಟಿಪ್ಪಣಿ ಎಂಬ ಮೂರೇ ಬೇರುಗಳ ಕವಲುಗಳು ಅವು.

ಇತಿಹಾಸಕಾರರು ಅಡಿಟಿಪ್ಪಣಿಯನ್ನು ಬಿಡಲಿಲ್ಲ. ಅದು ಬರೀ ಹಳೆಯ ಅಭ್ಯಾಸ ಎನ್ನುವವರು ತಾಳಗುಂದದ ಕಂಬವನ್ನು ನೆನೆಯಬೇಕು. ಕದಂಬ ಮಯೂರಶರ್ಮನ ಕಥೆ ನಮಗೆ ತಿಳಿದಿರುವುದು ಅಲ್ಲಿನ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಆ ಶಿಲಾಸ್ತಂಭದ ಶಾಸನದಿಂದ. ಅದನ್ನು ರಚಿಸಿದ ಕವಿ ಕುಬ್ಜ. ಹಾರ್ವರ್ಡ್ ಪದ್ಧತಿಯಂತೆ ಇದನ್ನು ಕುಬ್ಜ, ಐದನೆಯ ಶತಮಾನ ಎಂದು ಆವರಣದಲ್ಲಿ ಹಾಕಿದರೆ ಓದುಗ ಯಾವ ಗ್ರಂಥಾಲಯಕ್ಕೆ ಹೋಗಬೇಕು? ಶಾಸನಕ್ಕೆ ಪ್ರಕಾಶಕನಿಲ್ಲ, ಪುಟವಿಲ್ಲ, ಎಷ್ಟೋ ಸಲ ಕರ್ತೃವೂ ಇಲ್ಲ. ಅದಕ್ಕೆ ಬೇರೆಯೇ ವಿಳಾಸ ಬೇಕು.

ಆ ವಿಳಾಸವನ್ನು ಕನ್ನಡನಾಡಿಗೆ ಕಟ್ಟಿಕೊಟ್ಟವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಆಂಗ್ಲ ವಿದ್ವಾಂಸರು ಹಳೆಯ ಮೈಸೂರು ಸೀಮೆಯ ಊರೂರುಗಳ ಸುಮಾರು 9 ಸಾವಿರ ಶಾಸನಗಳನ್ನು ಕಲೆಹಾಕಿ, 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಶಾಸನಗಳನ್ನು ಅವರು ಕಾಲಾನುಕ್ರಮದಲ್ಲಿ ಜೋಡಿಸಲಿಲ್ಲ, ರಾಜವಂಶಗಳ ಪ್ರಕಾರವೂ ಜೋಡಿಸಲಿಲ್ಲ. ಜಿಲ್ಲೆಗೆ ಒಂದೋ ಎರಡೋ ಸಂಪುಟ, ಅದರೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಒಂದರಿಂದ ಮೊದಲಾಗುವ ಅಂಕೆ. ಹೀಗಾಗಿ ತಾಳಗುಂದದ ಕಂಬದ ವಿಳಾಸ ಇಷ್ಟೇ: ಎ.ಕ. 7, ಶಿಕಾರಿಪುರ 176. ಏಳನೆಯ ಸಂಪುಟ ತೆಗೆದರೆ ಪಾಠ ಸಿಗುತ್ತದೆ, ಪಾಠದ ತಲೆಯಲ್ಲಿ ಊರು ಮತ್ತು ಕಲ್ಲಿರುವ ಜಾಗ ಸಿಗುತ್ತದೆ. ಅಡಿಟಿಪ್ಪಣಿಯಲ್ಲಿ ಬೆರಳಗಲ ಜಾಗ ಹಿಡಿಯುವ ಈ ಗುರುತು, ಓದುಗನನ್ನು ಶಿರಾಳಕೊಪ್ಪದ ಪಕ್ಕದ ಒಂದು ಕಂಬದ ಬುಡಕ್ಕೇ ತಲುಪಿಸುತ್ತದೆ. 176 ಎಂಬಲ್ಲಿ ಅಚ್ಚುಮೊಳೆ ಜೋಡಿಸುವವನು 167 ಎಂದು ಮಾಡಿದರೆ, ಅದೇ ತಾಲ್ಲೂಕಿನ ಬೇರೆ ಕಲ್ಲಿನ ಮುಂದೆ ನಿಲ್ಲಬೇಕಾಗುತ್ತದೆ. ರೈಸ್ ತಾಲ್ಲೂಕುಗಳಿಗೆ ಇಟ್ಟ ಇಂಗ್ಲಿಷ್ ಸಂಕೇತಗಳಲ್ಲೂ ಒಂದು ಅಪಾಯವಿತ್ತು. ಸೊರಬಕ್ಕೂ ಶ್ರವಣಬೆಳಗೊಳಕ್ಕೂ ಎಸ್ ಮತ್ತು ಬಿ ಅಕ್ಷರಗಳೇ. ಒಂದರಲ್ಲಿ ಬಿ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು. ಆ ಒಂದು ಅಕ್ಷರದ ಗಾತ್ರ ತಪ್ಪಿದರೆ ಮಲೆನಾಡಿನ ಶಾಸನ ಬಾಹುಬಲಿಯ ಬೆಟ್ಟ ಹತ್ತುತ್ತದೆ.

ನಿಜವಾದ ತೊಡಕು ಬಂದದ್ದು ಶಾಸನಗಳು ಹೆಚ್ಚಿದಾಗ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ಪರಿಷ್ಕರಿಸಿದಾಗ 573. ಒಂದೊಂದು ಸಲವೂ ಅಂಕೆಗಳು ಜರುಗಿದವು. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ 1368ರಲ್ಲಿ ಬಗೆಹರಿಸಿದ ಪ್ರಸಿದ್ಧ ಶಾಸನ ರೈಸ್ ಅವರಲ್ಲಿ 136, ನರಸಿಂಹಾಚಾರ್ಯರಲ್ಲಿ 344. 1129ರ ಮಲ್ಲಿಷೇಣ ಪ್ರಶಸ್ತಿ 54 ಇದ್ದದ್ದು 67 ಆಯಿತು. ಕಲ್ಲು ಇದ್ದಲ್ಲೇ ಇತ್ತು. ಮನೆ ನಂಬರು ಮಾತ್ರ ಬದಲಾಯಿತು.

ಸಂಪುಟಗಳ ಅಂಕೆಯೂ ಉಳಿಯಲಿಲ್ಲ. 1972ರಿಂದ ಹೊರಬರತೊಡಗಿದ ಹೊಸ ಪರಿಷ್ಕೃತ ಮಾಲೆಯಲ್ಲಿ ಜಿಲ್ಲೆಗಳ ಕ್ರಮ ಬೇರೆ. ಹಳೆಯ ಏಳನೆಯ ಸಂಪುಟ ಶಿವಮೊಗ್ಗ ಜಿಲ್ಲೆಯದು, ಹೊಸ ಏಳನೆಯದು ಮಂಡ್ಯದ ಕಡೆಯದು. ಬೇಲೂರಿನ ಶಾಸನಗಳು ಐದನೆಯದರಿಂದ ಒಂಬತ್ತನೆಯದಕ್ಕೆ ಬಂದವು. ಹಳೆಯ ಒಂಬತ್ತನೆಯದಾದರೋ ಬೆಂಗಳೂರಿನದು. ಆದ್ದರಿಂದ ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಪುಟ ಮತ್ತು ಅಂಕೆ ಕೊಟ್ಟ ಲೇಖನ ಇಂದು ಓದುಗನನ್ನು ನಡುದಾರಿಯಲ್ಲಿ ಕೈಬಿಡುತ್ತದೆ. ಸಂಪಾದಕರು ಪರಿಷ್ಕೃತ ಎಂಬುದಕ್ಕೆ ಒಂದು 'ಪ' ಹಾಕಿ ಎಂದು ಕೇಳುವುದು ಅಕ್ಷರದ ಗೀಳಿನಿಂದಲ್ಲ. ನರಸಿಂಹಾಚಾರ್ಯರು 1923ರಲ್ಲೇ ಇದಕ್ಕೆ ಮದ್ದು ಕಂಡಿದ್ದರು. ತಮ್ಮ ಹೊಸ ಅಂಕೆಯ ಪಕ್ಕದಲ್ಲಿ ರೈಸ್ ಅವರ ಹಳೆಯ ಅಂಕೆಯನ್ನೂ ಆವರಣದಲ್ಲಿ ಉಳಿಸಿಕೊಂಡರು. ಹಳೆಯ ಲೇಖನ ಓದಿದವನೂ ದಾರಿ ತಪ್ಪದಿರಲಿ ಎಂಬ ಆ ಕಾಳಜಿಗಿಂತ ದೊಡ್ಡ ಸೌಜನ್ಯ ವಿದ್ವತ್ತಿನಲ್ಲಿ ಇನ್ನೊಂದು ನನಗೆ ಕಾಣದು.

ವಿಳಾಸದಲ್ಲಿ ಮನೆ ನಂಬರಿನಷ್ಟೇ ಮುಖ್ಯವಾದದ್ದು ಯಜಮಾನನ ಹೆಸರು. ಇಲ್ಲಿ ನಮ್ಮವರಿಗೂ ಪರದೇಶದ ನಿಯಮಗಳಿಗೂ ಹೊಂದಿಕೆಯಾಗುವುದಿಲ್ಲ. ಕುಲನಾಮ ಮೊದಲು, ಸ್ವಂತ ಹೆಸರು ಆಮೇಲೆ ಎಂಬುದು ಪಾಶ್ಚಾತ್ಯ ಪತ್ರಿಕೆಗಳ ನಿಯಮ. ಕೊನೆಯ ಪದವೇ ಕುಲನಾಮ ಎಂಬುದು ಅದರ ಹಿಂದಿರುವ ನಂಬಿಕೆ. ಬೇಂದ್ರೆ, ಗೋಕಾಕ, ಕಲಬುರ್ಗಿ ಎಂದು ಮನೆತನದ ಹೆಸರಿರುವ ಉತ್ತರ ಕರ್ನಾಟಕದವರಿಗೆ ಇದರಿಂದ ತೊಂದರೆಯಿಲ್ಲ. ಹಳೆಯ ಮೈಸೂರಿನವರ ಹೆಸರಿನ ಮುಂದಿರುವುದು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಕೊನೆಯಲ್ಲಿರುವುದೇ ಅವರ ಸ್ವಂತ ಹೆಸರು. ಅದು ಎರಡು ಪದಗಳ ಸಮಾಸವಾಗಿದ್ದರಂತೂ ಕಥೆ ಮುಗಿಯಿತು. ಎಂ. ಚಿದಾನಂದಮೂರ್ತಿಯವರ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದ ಕಡೆ, ಪಟ್ಟಿ ಮಾಡುವವನು ಅವರನ್ನು 'ಮೂರ್ತಿ' ಎಂದು ಮಾಡಿಬಿಡುತ್ತಾನೆ. 'ಸಂಸ್ಕಾರ'ದ ಇಂಗ್ಲಿಷ್ ಅನುವಾದ 1976ರಲ್ಲಿ ಹೊರಬಂದಾಗ ಯು.ಆರ್. ಅನಂತಮೂರ್ತಿಯವರ ಹೆಸರೂ ಬಿಡಿಬಿಡಿಯಾಗಿಯೇ ಅಚ್ಚಾಗಿತ್ತು. ಇಂದಿಗೂ ಒಬ್ಬರೇ ಲೇಖಕರು ಪರದೇಶದ ಪಟ್ಟಿಗಳಲ್ಲಿ ಒಂದು ಕಡೆ 'ಅ' ಅಕ್ಷರದಲ್ಲಿ, ಇನ್ನೊಂದು ಕಡೆ 'ಮ' ಅಕ್ಷರದಲ್ಲಿ ಸಿಗುತ್ತಾರೆ. ವೆಂಕಟರಾಮನ್ ಎಂಬ ಒಂದೇ ಹೆಸರು ವೆಂಕಟ ರಾಮನ್ ಎಂದು ಎರಡಾದದ್ದರಿಂದಲೇ ಸಿ.ವಿ. ರಾಮನ್ ಜಗತ್ತಿಗೆ ರಾಮನ್ ಆದರು. ಇಲ್ಲದಿದ್ದರೆ ಭೌತವಿಜ್ಞಾನದಲ್ಲಿ ವೆಂಕಟರಾಮನ್ ಪರಿಣಾಮ ಎಂಬುದನ್ನು ಓದುತ್ತಿದ್ದೆವು.

ಕುಲನಾಮವೇ ಇಲ್ಲದವರು ಒಂದಾದರೆ, ಒಂದೇ ಹೆಸರಿನವರು ಇನ್ನೊಂದು. ಕನ್ನಡದ ಯಾವುದೇ ಗ್ರಂಥಋಣದಲ್ಲಿ ನರಸಿಂಹಾಚಾರ್ ಎಂದಷ್ಟೇ ಬರೆದರೆ ಕವಿಚರಿತೆಯ ಆರ್. ನರಸಿಂಹಾಚಾರ್ಯರೋ, ಡಿ.ಎಲ್. ನರಸಿಂಹಾಚಾರ್ಯರೋ, ಪು.ತಿ.ನ. ಅವರೋ? ಹೆಸರು ಮತ್ತು ಇಸವಿಯ ಪದ್ಧತಿ ಇಲ್ಲಿ ಇಸವಿಯನ್ನೇ ನಂಬಿಕೊಂಡು ನಿಂತಿದೆ. ಕಾವ್ಯನಾಮಗಳದು ಮತ್ತೊಂದು ಗೋಜಲು. ಕುವೆಂಪು ಅವರನ್ನು 'ಕ'ದಲ್ಲಿ ಹುಡುಕಬೇಕೋ ಪುಟ್ಟಪ್ಪ ಎಂದು 'ಪ'ದಲ್ಲಿ ಹುಡುಕಬೇಕೋ?

ಈ ತೊಡಕುಗಳನ್ನು ಗಂಭೀರವಾಗಿ ಯೋಚಿಸಿದವರಲ್ಲಿ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಮುಖ್ಯರು. ಅವರ ಹೆಸರಿನಲ್ಲೇ ಸಮಸ್ಯೆಯಿತ್ತು. ಎಸ್ ಎಂದರೆ ಶಿಯಾಳಿ ಎಂಬ ಊರು, ಆರ್ ಎಂದರೆ ತಂದೆ ರಾಮಾಮೃತ, ರಂಗನಾಥನ್ ಎಂಬುದು ಸ್ವಂತ ಹೆಸರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಭಾರತೀಯ ಮಾನಕ ಸಂಸ್ಥೆಯ ದಾಖಲೀಕರಣ ಸಮಿತಿಯ ಅಧ್ಯಕ್ಷರಾಗಿಯೂ ಬಹುಕಾಲ ದುಡಿದರು. ಹೆಸರಿನಲ್ಲಿ ಕೊನೆಗೆ ಬಂದದ್ದೆಲ್ಲ ಕುಲನಾಮವಲ್ಲ, ಭಾರತದ ಒಂದೊಂದು ಪ್ರದೇಶದ ಹೆಸರಿಗೂ ಅದರದೇ ನಿಯಮ ಬೇಕು ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಅವರ ಸೂಚೀಕರಣದ ಸಂಹಿತೆ ರೂಪುಗೊಂಡಿತು. ಕನ್ನಡದ ವಿದ್ವತ್ ಪತ್ರಿಕೆಗಳು 'ಚಿದಾನಂದಮೂರ್ತಿ ಎಂ.' ಎಂದು ಹೆಸರನ್ನು ಇಡಿಯಾಗಿಟ್ಟು ಮೊದಲಕ್ಷರವನ್ನು ಹಿಂದಕ್ಕೆ ತಳ್ಳುವ ರೂಢಿಯೇ ನನಗೆ ಸರಿ ಎನಿಸುತ್ತದೆ. ಪರದೇಶದ ಪತ್ರಿಕೆಗೆ ಕಳಿಸುವಾಗಲೂ ನಮ್ಮ ಲೇಖಕರು ಈ ವಿಷಯದಲ್ಲಿ ಅಷ್ಟು ಸಂಕೋಚ ಪಡಬೇಕಾಗಿಲ್ಲ.

ವಿಳಾಸವನ್ನು ಸರಿಯಾಗಿ ಬರೆಯುವುದು ಒಂದು ಮಾತು. ಆ ವಿಳಾಸಕ್ಕೆ ಹೋಗಿದ್ದೆವೋ ಇಲ್ಲವೋ ಎಂಬುದು ಇನ್ನೊಂದು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' (1964) ಓದಿದವರಿಗೆ ತಿಳಿದಿರುವ ಒಂದು ಸೂತ್ರವಿದೆ. ಎರಡು ಓಲೆಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ವಿಚಿತ್ರವಾದ ತಪ್ಪಿದ್ದರೆ, ಎರಡೂ ಒಂದೇ ತಾಯಿಪ್ರತಿಯಿಂದ ಇಳಿದವು ಎಂದು ತಿಳಿಯಬೇಕು. ಸರಿಯಾದ ಪಾಠ ಎಲ್ಲರಲ್ಲೂ ಒಂದೇ ಇರುತ್ತದೆ, ತಪ್ಪು ಮಾತ್ರ ವಂಶವನ್ನು ಹೇಳಿಬಿಡುತ್ತದೆ. 2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು ಇದೇ ತರ್ಕವನ್ನು ಆಕರಗಳ ಪಟ್ಟಿಗೆ ಹಚ್ಚಿ ನೋಡಿದರು. ಒಂದು ಹೆಸರಾಂತ ಪ್ರಬಂಧವನ್ನು ಸುಮಾರು 4,300 ಲೇಖನಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 196 ಕಡೆ ಸಂಪುಟವೋ ಪುಟವೋ ತಪ್ಪಾಗಿತ್ತು. ಆದರೆ ಬೇರೆಬೇರೆ ಬಗೆಯ ತಪ್ಪುಗಳೆಂದು ಎಣಿಸಿದರೆ 45 ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು 78 ಸಲ ಬಂದಿತ್ತು. ಮೂಲವನ್ನು ಕೈಯಲ್ಲಿ ಹಿಡಿದ 78 ಜನ ಒಂದೇ ರೀತಿಯಲ್ಲಿ ಎಡವುವುದು ಸಾಧ್ಯವೇ? ಒಬ್ಬ ಎಡವಿದ; ಉಳಿದವರು ಅವನ ಪಟ್ಟಿಯನ್ನು ಇಳಿಸಿಕೊಂಡರು. ಉಲ್ಲೇಖಿಸುವವರಲ್ಲಿ ಮೂಲವನ್ನು ನಿಜವಾಗಿ ಓದಿರುವವರು ಸುಮಾರು ಐದರಲ್ಲೊಬ್ಬರು ಮಾತ್ರ ಎಂದು ಅವರು ಅಂದಾಜು ಮಾಡಿದರು. ಆ ಅಂದಾಜಿನ ಬಗ್ಗೆ ವಾದ ಮಾಡಬಹುದು. 78ರ ಬಗ್ಗೆ ವಾದ ಮಾಡುವುದು ಕಷ್ಟ.

ಓದದೆ ಹೆಸರಿಸುವ ಚಪಲಕ್ಕೆ ಒಂದು ಲೌಕಿಕ ಕಾರಣವೂ ಇದೆ. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆ ಎಂದು ವಕೀಲರಿಗೆ ತಿಳಿಸುವ ಪಟ್ಟಿಯನ್ನು ಅಮೆರಿಕದ ಫ್ರಾಂಕ್ ಶೆಪರ್ಡ್ 1873ರಲ್ಲಿ ಆರಂಭಿಸಿದ್ದ. ಅದರಿಂದ ಸ್ಫೂರ್ತಿ ಪಡೆದು ಫಿಲಡೆಲ್ಫಿಯದ ಯೂಜೀನ್ ಗಾರ್‌ಫೀಲ್ಡ್ 1964ರಿಂದ ವಿಜ್ಞಾನದ ಉಲ್ಲೇಖಗಳ ಸೂಚಿಯನ್ನು ಪ್ರಕಟಿಸತೊಡಗಿದ. ಒಂದು ಪ್ರಬಂಧದ ಮುಂದಿನ ಸಂತಾನವನ್ನು ಹುಡುಕಲು ಅದು ಬಹಳ ಉಪಯುಕ್ತವಾದ ಸಾಧನ. ಆದರೆ ಹುಡುಕಲು ಬಂದದ್ದನ್ನು ಜನ ಎಣಿಸಲು ಬಳಸಿದರು. ಎಷ್ಟು ಸಲ ಉಲ್ಲೇಖವಾಯಿತು ಎಂಬುದೇ ನೇಮಕಕ್ಕೂ ಬಡ್ತಿಗೂ ಅಳತೆಗೋಲಾದ ಮೇಲೆ, ಸಾಲದ ಪಟ್ಟಿ ಹೋಗಿ ಮುಯ್ಯಿಯ ಪಟ್ಟಿಯಾಯಿತು.

ಈಗ ಇನ್ನೂ ಹೊಸದೊಂದು ಬಂದಿದೆ. ಕೇಳಿದ ಪ್ರಶ್ನೆಗೆ ತಾನೇ ಉತ್ತರ ಬರೆದುಕೊಡುವ ಗಣಕಯಂತ್ರಗಳು, ಆಧಾರ ಕೇಳಿದರೆ ಆಧಾರವನ್ನೂ ಬರೆದುಕೊಡುತ್ತವೆ. ಲೇಖಕ, ಇಸವಿ, ಸಂಪುಟ, ಪುಟ, ಚುಕ್ಕೆ, ಅಲ್ಪವಿರಾಮ ಎಲ್ಲವೂ ನಿಯಮದ ಪ್ರಕಾರ. ಒಮ್ಮೊಮ್ಮೆ ಆ ಕೃತಿ ಮಾತ್ರ ಇರುವುದಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಯಂತ್ರ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಮುಂದಿಟ್ಟ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದು ಆಧರಿಸಿದ್ದ ತೀರ್ಪುಗಳು ಎಲ್ಲೂ ಇಲ್ಲವೆಂಬುದನ್ನು ಗುರುತಿಸಿ, ಅದರ ವಿಚಾರಣೆಯಾಗಬೇಕೆಂದಿತು. ರೂಪ ಸರಿಯಿದೆಯೆಂದ ಮಾತ್ರಕ್ಕೆ ನಂಬುವ ಕಾಲ ಮುಗಿಯಿತು. ಹಿಂದೆ ಅಚ್ಚುಕಟ್ಟಾದ ಪಟ್ಟಿ ಲೇಖಕನ ಶ್ರದ್ಧೆಗೆ ಒಂದು ಗುರುತಾಗಿತ್ತು. ಈಗ ಅದು ಶ್ರದ್ಧೆಯಿಲ್ಲದವನಿಗೂ ಸುಲಭವಾಗಿ ಸಿಗುತ್ತದೆ.

ಹೀಗಿರುವಾಗ ಹುಡುಕಿದರೆ ಸಿಗದ ಆಕರವೆಲ್ಲ ಸುಳ್ಳು ಎಂದುಬಿಡಬಹುದೇ? ಹಾಗೆ ತೀರ್ಮಾನಿಸಿದರೆ ಕನ್ನಡ ಸಾಹಿತ್ಯದ ಚರಿತ್ರೆಯ ಮೊದಲ ಅಧ್ಯಾಯವನ್ನೇ ಹರಿದುಹಾಕಬೇಕಾಗುತ್ತದೆ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ತನಗಿಂತ ಹಿಂದಿನ ಗದ್ಯಲೇಖಕರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನು ಕವಿಗಳೆಂದು ಹೆಸರಿಸುತ್ತದೆ. ಆ ಗದ್ಯದ ಒಂದು ಗರಿಯೂ ಇಂದು ಉಳಿದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಕ್ಕೆ ಲಕ್ಷ್ಯವಾದ ಕವಿಗಳನ್ನು ಹೆಸರಿಸುವಾಗ ಪಂಪ, ಪೊನ್ನರ ಸಾಲಿನಲ್ಲಿ ಗಜಗ, ಗುಣನಂದಿ, ಅಸಗರೂ ಇದ್ದಾರೆ. ಗಜಗನ ಕಾವ್ಯವನ್ನಾಗಲಿ ಅಸಗನ ಕನ್ನಡ ಕಾವ್ಯವನ್ನಾಗಲಿ ನಾವು ಕಂಡಿಲ್ಲ. ಕವಿಚರಿತೆಯ ಎಷ್ಟೋ ಹೆಸರುಗಳು ಇಂಥ ಉಲ್ಲೇಖಗಳ ಬಲದ ಮೇಲೆಯೇ ನಿಂತಿವೆ. ಇಲ್ಲೂ ಕಪಾಟು ಖಾಲಿ, ಅಲ್ಲೂ ಕಪಾಟು ಖಾಲಿ.

ಇಂಥ ಕಡೆ ವಿದ್ವಾಂಸರು ಮಾಡುವುದು ಒಂದೇ ಕೆಲಸ, ಎರಡನೆಯ ಸಾಕ್ಷಿಯನ್ನು ಹುಡುಕುವುದು. ದುರ್ವಿನೀತನ ವಿಷಯದಲ್ಲಿ ಅದು ಸಿಕ್ಕಿತು. ಕೋಲಾರದ ಕಡೆಯ ಗುಮ್ಮರೆಡ್ಡಿಪುರದ ತಾಮ್ರಪಟಗಳು ಗಂಗ ದೊರೆ ದುರ್ವಿನೀತನನ್ನು ವಿದ್ವಾಂಸನೆಂದು ಹೊಗಳುತ್ತಾ, ಅವನು ಶಬ್ದಾವತಾರವನ್ನು ಬರೆದನೆಂದೂ ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದೂ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದನೆಂದೂ ಹೇಳುತ್ತವೆ. ಈ ಮೂರೂ ನಮ್ಮ ಕೈಗೆ ಬಂದಿಲ್ಲ. ಶಾಸನದ ದೊರೆಯೂ ಕವಿರಾಜಮಾರ್ಗದ ಗದ್ಯಕಾರನೂ ಒಬ್ಬನೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆದರೆ ಅವನು ಕನ್ನಡದಲ್ಲಿ ಗದ್ಯ ಬರೆದನೆಂಬ ಮಾತು ಆ ತಾಮ್ರಪಟದಲ್ಲಿಲ್ಲ. ಅದಕ್ಕೆ ಇರುವ ಆಧಾರ ಕವಿರಾಜಮಾರ್ಗದ ಆ ಒಂದು ಉಲ್ಲೇಖ.